ಬೇಲೆಕೇರಿಯ ಕಡೆಯಿಂದ ಕಿಂಬರ್ಲಿಗೆ

ದಕ್ಷಿಣ ಆಫ್ರಿಕಾಕ್ಕೆ ಹೋಗಿಬರುವ ನಮ್ಮ ಜಿಲ್ಲೆಯವರು ಸಾಮಾನ್ಯವಾಗಿ ಕ್ರೂಗರ್ ಅಭಯಾರಣ್ಯದ ಸಿಂಹಗಳನ್ನೂ ಕೇಪ್‌ಟೌನಿನ ಟೇಬಲ್ ಬೆಟ್ಟವನ್ನೂ ನೋಡಿ, ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಜೊಹಾನ್ಸ್‌ಬರ್ಗಿನಲ್ಲಿ ಗಣಿ ಯಂತ್ರಗಳ ಕಂಪನಿಯೊಂದರಲ್ಲಿ ಎಂಜಿನಿಯರನಾಗಿರುವ ನನ್ನ ಅಕ್ಕನ ಮಗನೂ ನನಗಾಗಿ ಅಂಥದೇ ಯೋಜನೆಯನ್ನು ಹಾಕಿಟ್ಟಿದ್ದ. ಕೇಪ್‌ಟೌನ್ ಬೇಡ, ಹಳೆಯ ವಜ್ರದ ಗಣಿಯ ಊರಾದ ಕಿಂಬರ್ಲಿಗೆ ಕರೆದುಕೊಂಡು ಹೋಗು ಎಂದಾಗ ಅವನು ನಕ್ಕು, "ಮಾವಾ, ಸಮುದ್ರ ಬಿಟ್ಟು ಹೊಂಡ ನೋಡಲಿಕ್ಕೆ ಇಷ್ಟು ದೂರ ಬಂದಿರಾ?" ಎಂದ. ಸಮುದ್ರ ನನಗೆ ಅಂಕೋಲೆಯಲ್ಲಿಯೇ ಸಿಗುತ್ತದೆ, ಹೊಂಡವೇ ಸಿಗದಿರುವುದು ಎಂದು ಉತ್ತರಿಸಿದೆ.

ನಮ್ಮ ಕರಾವಳಿಯವರು ಗಣಿಗಾರಿಕೆಯ ಒಂದು ತುದಿಯನ್ನು ಮಾತ್ರ ಕಂಡಿದ್ದೇವೆ. 2000ದ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳಿಂದ ಬೇಡಿಕೆ ಏರಿದಾಗ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರು ತುಂಬಿದ ಲಾರಿಗಳು ಹುಬ್ಬಳ್ಳಿ ದಾಟಿ, ಯಲ್ಲಾಪುರದಾಚೆ ಅರಬೈಲ್ ಘಟ್ಟವಿಳಿದು, ಬಾಳೆಗುಳಿಯ ಕೂಡುರಸ್ತೆಯಲ್ಲಿ ತಿರುಗಿ ಬೇಲೆಕೇರಿ ಮತ್ತು ಕಾರವಾರ ಬಂದರುಗಳಿಗೆ ಹಗಲೂ ರಾತ್ರಿ ಬರುತ್ತಿದ್ದವು. ರಸ್ತೆಯಂಚಿನ ಮಾವು, ಹಲಸು, ಮನೆಯ ಹಂಚು, ಅಂಗಳದಲ್ಲಿ ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗುತ್ತಿದ್ದವು. ದಕ್ಕೆಯಿಂದ ಬಾರ್ಜುಗಳು ಅದಿರನ್ನು ಹೊತ್ತೊಯ್ದು ದೂರದಲ್ಲಿ ಲಂಗರು ಹಾಕಿದ ಹಡಗುಗಳಿಗೆ ತುಂಬುತ್ತಿದ್ದವು. 2010ರಲ್ಲಿ, ಜಪ್ತಿಯಾಗಿ ಬೇಲೆಕೇರಿಯಲ್ಲಿ ಬಿದ್ದಿದ್ದ ಅದಿರೇ ಲಕ್ಷಾಂತರ ಟನ್ನುಗಳ ಲೆಕ್ಕದಲ್ಲಿ ಹಡಗೇರಿ ಹೋದ ಸಂಗತಿ ಹೊರಬಿತ್ತು. ಆ ವರ್ಷದ ಜುಲೈಯಲ್ಲಿ ರಾಜ್ಯ ಸರ್ಕಾರ ತನ್ನ ಬಂದರುಗಳಿಂದ ಅದಿರು ರಫ್ತು ಮಾಡುವುದನ್ನು ನಿಷೇಧಿಸಿತು. 2011ರಲ್ಲಿ ಲೋಕಾಯುಕ್ತರ ವರದಿ ಬಂತು, 2024ರಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂತು. ಇವೆಲ್ಲ ನಮ್ಮೂರಿನ ಚಹಾದಂಗಡಿಗಳಲ್ಲಿ ಇಂದಿಗೂ ಮಾತಿನ ವಿಷಯಗಳೇ. ಆದರೆ ಅದಿರು ಹೊರಟ ಜಾಗದಲ್ಲಿ ಈಗ ಏನು ಉಳಿದಿದೆ, ಅದನ್ನು ಅಗೆದವರು ಎಲ್ಲಿ ಮಲಗುತ್ತಿದ್ದರು, ಕೆಲಸ ಮುಗಿಸಿ ಹೊರಡುವಾಗ ಅವರ ಮೈಯನ್ನು ಯಾರು ತಡಕುತ್ತಿದ್ದರು ಎಂಬ ಪ್ರಶ್ನೆಗಳು ಬಂದರಿನ ಬದಿಯಲ್ಲಿ ನಿಂತವರಿಗೆ ಹುಟ್ಟುವುದು ಕಡಿಮೆ.

ಅಷ್ಟಕ್ಕೆ ಆಫ್ರಿಕಾ ಯಾಕೆ, ಸಂಡೂರಿಗೇ ಹೋಗಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಸಂಡೂರಿಗೆ ಹೋಗಿದ್ದೇನೆ, ಅಲ್ಲಿ ರಸ್ತೆಯಿಂದ ಗುಡ್ಡದ ಮೆಟ್ಟಿಲುಗಳು ಕಾಣುತ್ತವೆಯೇ ಹೊರತು ಗೇಟಿನ ಒಳಗೆ ದಾರಿಹೋಕರಿಗೆ ಪ್ರವೇಶವಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಯಲ್ಲಾಪುರ, ಜೋಯಿಡಾ ಸೀಮೆಯ ಕಾಡುಗಳಲ್ಲಿ ಮ್ಯಾಂಗನೀಸ್ ತೆಗೆದ ಜಾಗಗಳಿವೆ. ಮಳೆ ಮತ್ತು ಗಿಡಗಂಟಿಗಳು ಸೇರಿ ಅವನ್ನು ಮುಚ್ಚುತ್ತ ಬಂದಿವೆ. ನಡೆಯುತ್ತಿರುವ ಗಣಿ ಯಾರನ್ನೂ ಒಳಗೆ ಬಿಡುವುದಿಲ್ಲ, ಮುಚ್ಚಿ ನೂರು ವರ್ಷ ದಾಟಿದ ಗಣಿಯಾದರೆ ಟಿಕೆಟ್ ಕೊಟ್ಟು ಕರೆಯುತ್ತದೆ. ಕಿಂಬರ್ಲಿಯ ಗಣಿ ಮುಚ್ಚಿದ್ದು 1914ರ ಆಗಸ್ಟಿನಲ್ಲಿ.

ಜೊಹಾನ್ಸ್‌ಬರ್ಗಿನಿಂದ ಕಿಂಬರ್ಲಿಗೆ ಎನ್-12 ಹೆದ್ದಾರಿಯಲ್ಲಿ ಸುಮಾರು 480 ಕಿಲೋಮೀಟರು. ಅಲ್ಲಿಯೂ ವಾಹನಗಳು ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡುತ್ತವೆ, ರಸ್ತೆಯ ಹೊಂಡಗಳೂ ಕೆಲವೆಡೆ ನಮ್ಮವನ್ನೇ ನೆನಪಿಸುತ್ತವೆ. ನಗರದ ಅಂಚಿನಲ್ಲಿ ಚಿನ್ನದ ಗಣಿಗಳ ಮಣ್ಣಿನ ಹಳದಿ ದಿಬ್ಬಗಳು ಕಾಣಿಸಿಕೊಂಡು, ಪೊಚೆಫ್‌ಸ್ಟ್ರೂಮ್ ದಾಟಿದ ಮೇಲೆ ಸ್ಟಿಲ್‌ಫಾಂಟೇನ್ ಎಂಬ ಊರು ಬರುತ್ತದೆ. ಕಂಪನಿಗಳು ಬಿಟ್ಟುಹೋದ ಚಿನ್ನದ ಗಣಿಯೊಂದರ ಆಳಕ್ಕೆ ಕದ್ದು ಇಳಿದಿದ್ದವರನ್ನು ಹೊರಬರಿಸಲು ಪೊಲೀಸರು ಅನ್ನ ನೀರು ಇಳಿಯದಂತೆ ತಡೆದು ನಿಂತದ್ದು ಇಲ್ಲಿಯೇ. ನ್ಯಾಯಾಲಯದ ಆದೇಶವಾದ ಮೇಲೆ 2025ರ ಜನವರಿಯಲ್ಲಿ ನಡೆದ ಕಾರ್ಯಾಚರಣೆಯಲ್ಲಿ 78 ಶವಗಳನ್ನು ಮೇಲೆ ತಂದರು, 246 ಮಂದಿ ಬದುಕಿ ಬಂದರು. ಜಾಮಾ ಜಾಮಾ ಎಂದು ಕರೆಯಿಸಿಕೊಳ್ಳುವ ಇಂಥ ಅಗೆತಗಾರರ ಸುದ್ದಿಯನ್ನು ಅಳಿಯ ದಾರಿಯುದ್ದಕ್ಕೂ ಹೇಳುತ್ತಿದ್ದ. ಹೆದ್ದಾರಿಯಿಂದ ನೋಡಿದರೆ ಆ ಊರಿನಲ್ಲಿ ಪೆಟ್ರೋಲ್ ಬಂಕು, ಚರ್ಚು, ಸಾಲು ಮನೆಗಳ ಹೊರತು ಏನೂ ಕಾಣುವುದಿಲ್ಲ. ಅಲ್ಲಿಂದ ಮುಂದೆ ಮೆಕ್ಕೆಜೋಳದ ಹೊಲಗಳು, ಆಮೇಲೆ ಹುಲ್ಲು, ಆಮೇಲೆ ಹುಲ್ಲೂ ವಿರಳವಾದ ಬಯಲು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ನಮ್ಮ ಕಣ್ಣಿಗೆ 400ರ ಆಸುಪಾಸಿನಲ್ಲಿ ಬದುಕುವ ಈ ನೆಲ ಖಾಲಿಯೆನಿಸುತ್ತದೆ. ಕಿಂಬರ್ಲಿಗೆ ತುಸು ಮೊದಲು ರಸ್ತೆಯ ಪಕ್ಕದ ಕ್ಯಾಂಫರ್ಸ್ ಡ್ಯಾಮ್ ಎಂಬ ಕೆರೆಯಲ್ಲಿ ರಾಜಹಂಸಗಳ ಹಿಂಡು ಸಿಗುತ್ತದೆ ಎಂದು ಕೇಳಿದ್ದೆ. ನಾವು ದಾಟುವಾಗ ದೂರದಲ್ಲಿ ಒಂದು ಗುಲಾಬಿ ಗೆರೆಯಷ್ಟೇ ಕಂಡಿತು.

ಇನ್ನು ಹೊಂಡ. ಇಂಗ್ಲಿಷಿನವರು ಅದಕ್ಕೆ 'ಬಿಗ್ ಹೋಲ್' ಎಂದೇ ಹೆಸರಿಟ್ಟು ಕೈತೊಳೆದುಕೊಂಡಿದ್ದಾರೆ. ಊರಿನ ನಡುವೆಯೇ ಇರುವ ಅದರ ಮೇಲಕ್ಕೆ ಚಾಚಿಕೊಂಡ ಉಕ್ಕಿನ ಅಟ್ಟಣೆಯ ತುದಿಗೆ ನಡೆದರೆ ಕಾಲ ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ. ಬಾಯಿಯ ಅಗಲ 463 ಮೀಟರು, ಹರವು 17 ಹೆಕ್ಟೇರು. ಕೈಯಿಂದ ಅಗೆದ ಆಳ 240 ಮೀಟರು. ನಮ್ಮವರಿಗೆ ಸುಲಭವಾಗಿ ಹೊಂದುವ ಅಳತೆಯೆಂದರೆ ಜೋಗ: ಅಲ್ಲಿ ನೀರು ಬೀಳುವ ಎತ್ತರ 253 ಮೀಟರು. ಸಿದ್ದಾಪುರದ ಬದಿಯಲ್ಲಿ ನಿಂತು ಶರಾವತಿಯ ಕಣಿವೆಯೊಳಗೆ ಬಗ್ಗಿ ನೋಡಿದವರು, ಆ ಕಣಿವೆಯನ್ನು ನದಿಯ ಬದಲು ಗುದ್ದಲಿ, ಪಿಕಾಸಿ, ಬಕೀಟುಗಳು ತೋಡಿದವು ಎಂದು ಭಾವಿಸಿಕೊಳ್ಳಬೇಕು. ಅಗೆತ ಮುಗಿದ ಮೇಲೆ ಸ್ವಲ್ಪ ಮಣ್ಣು ತುಂಬಿಕೊಂಡು, ಮೇಲೆ ನಲವತ್ತು ಮೀಟರಿನಷ್ಟು ನೀರು ನಿಂತು, ಈಗ ಕಾಣುವ ಗೋಡೆ ಸುಮಾರು 175 ಮೀಟರಿನದು. ಮೇಲಿನ ಪದರ ಸಡಿಲವಾಗಿ ಇಳಿಜಾರಾಗಿದೆ, ಅದರ ಕೆಳಗೆ ಗಟ್ಟಿ ಬಂಡೆ ನೆಟ್ಟಗೆ ಇಳಿಯುತ್ತದೆ, ತಳದಲ್ಲಿ ಹಸಿರು ನೀರು. ಈ ಹೊಂಡದಿಂದ 2 ಕೋಟಿ 25 ಲಕ್ಷ ಟನ್ ಮಣ್ಣು ಕಲ್ಲುಗಳನ್ನು ಹೊರತೆಗೆದರು. ಅದರಲ್ಲಿ ಸಿಕ್ಕ ವಜ್ರದ ತೂಕ 2,720 ಕಿಲೋಗ್ರಾಂ. ಅಂದರೆ ಒಂದು ಟನ್ನಿಗೆ ಸುಮಾರು ಗ್ರಾಮಿನ ಎಂಟನೆಯ ಒಂದು ಭಾಗ. ಬಳ್ಳಾರಿಯಿಂದ ಬರುತ್ತಿದ್ದ ಲಾರಿಯಲ್ಲಿ ತುಂಬಿದ್ದೆಲ್ಲವೂ ಮಾರಾಟಕ್ಕೆ ಹೋಗುತ್ತಿದ್ದ ಮಾಲು. ಇಲ್ಲಿ ಮಾಲೆಂಬುದು ಜೇಬಿನಲ್ಲಿ ಹಿಡಿಸುವಂಥದು, ಉಳಿದದ್ದೆಲ್ಲ ಕಸ. ಈ ಊರಿನ ಕಥೆ ಹೀಗೇ ಆಗಲು ಅರ್ಧ ಕಾರಣ ಈ ಲೆಕ್ಕದಲ್ಲಿದೆ.

ಆರೆಂಜ್ ನದಿಯ ಬಳಿಯ ಹೋಪ್‌ಟೌನ್ ಎಂಬಲ್ಲಿ 1867ರಲ್ಲಿ ಹುಡುಗನೊಬ್ಬನಿಗೆ ಆಟದ ಕಲ್ಲಾಗಿ ಸಿಕ್ಕಿದ 21.25 ಕ್ಯಾರಟ್ಟಿನ ವಜ್ರದಿಂದ ಇದೆಲ್ಲ ಆರಂಭವಾಯಿತು. ಯುರೇಕಾ ಎಂದು ಹೆಸರಾದ ಆ ಕಲ್ಲು ಈಗ ಹೊಂಡದ ಪಕ್ಕದ ವಸ್ತುಸಂಗ್ರಹಾಲಯದ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿದೆ. 1871ರಲ್ಲಿ ಡಿ ಬಿಯರ್ ಎಂಬ ಅಣ್ಣತಮ್ಮಂದಿರ ಜಮೀನಿನಲ್ಲಿದ್ದ ಸಣ್ಣ ಗುಡ್ಡವೊಂದರಲ್ಲಿ ವಜ್ರ ಕಾಣಿಸಿತು. ಕುಡಿದು ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯಾಗಿ ಅಲ್ಲಿ ಅಗೆಯಲು ಕಳುಹಿಸಿದ ಅಡುಗೆಯಾಳೊಬ್ಬ ಅದನ್ನು ಮೊದಲು ಕಂಡನೆಂದು ಊರಿನವರು ಹೇಳುತ್ತಾರೆ. ಜನ ನುಗ್ಗಿಬಂದರು, ಗುಡ್ಡ ಕರಗಿತು, ಗುಡ್ಡವಿದ್ದ ಜಾಗ ತಗ್ಗಾಯಿತು. ಡಿ ಬಿಯರ್ ಸಹೋದರರು ಜಮೀನು ಮಾರಿ ಹೊರಟುಹೋದರು. ಅವರ ಹೆಸರು ಮಾತ್ರ ಜಗತ್ತಿನ ವಜ್ರ ವ್ಯಾಪಾರವನ್ನೇ ಹಿಡಿತಕ್ಕೆ ತೆಗೆದುಕೊಂಡ ಕಂಪನಿಯ ಹಣೆಯ ಮೇಲೆ ಉಳಿಯಿತು. ನ್ಯೂ ರಶ್ ಎಂದು ಕರೆಯುತ್ತಿದ್ದ ಆ ಬಿಡಾರಕ್ಕೆ 1873ರಲ್ಲಿ ಲಂಡನ್ನಿನ ವಸಾಹತು ಮಂತ್ರಿ ಲಾರ್ಡ್ ಕಿಂಬರ್ಲಿಯ ಹೆಸರನ್ನಿಟ್ಟರು.

ಮೊದಲಿಗೆ ಒಬ್ಬೊಬ್ಬರಿಗೆ 31 ಅಡಿ ಉದ್ದ, 31 ಅಡಿ ಅಗಲದ ತುಂಡುಗಳನ್ನು ಹಂಚಿ, ನಡುನಡುವೆ ಗಾಡಿ ಓಡಾಡಲು ದಾರಿ ಬಿಟ್ಟಿದ್ದರು. ತುಂಡುಗಳು ನಾಲ್ಕನೆಯ, ಎಂಟನೆಯ, ಹದಿನಾರನೆಯ ಪಾಲುಗಳಾಗಿ ಕೈಬದಲಾದವು. ಒಬ್ಬ ಆಳಕ್ಕೆ ಹೋದ, ಪಕ್ಕದವನು ನಿಂತಲ್ಲೇ ನಿಂತ, ದಾರಿಗಳು ಎರಡೂ ಬದಿಗೆ ಕುಸಿದು ಕತ್ತೆ ಗಾಡಿಗಳ ಸಮೇತ ಕೆಳಗಿದ್ದವರ ಮೇಲೆ ಬಿದ್ದವು. ಆಗ ಹೊಂಡದ ಅಂಚಿನಲ್ಲಿ ಮರದ ಅಟ್ಟಣೆಗಳನ್ನು ಕಟ್ಟಿ, ಪ್ರತಿಯೊಂದು ತುಂಡಿಗೂ ಒಂದೊಂದು ತಂತಿ ಇಳಿಬಿಟ್ಟು ಬಕೀಟುಗಳಲ್ಲಿ ಮಣ್ಣನ್ನು ಎಳೆಯತೊಡಗಿದರು. ಆ ಕಾಲದ ಫೋಟೋಗಳಲ್ಲಿ ಹೊಂಡದ ಮೇಲೆ ಜೇಡನ ಬಲೆ ಹಬ್ಬಿದಂತೆ ಕಾಣುವುದು ಈ ತಂತಿಗಳೇ. ಮೇಲ್ಪದರದ ಹಳದಿ ಮಣ್ಣು ಪುಡಿಪುಡಿಯಾಗಿತ್ತು. ಅದು ಮುಗಿದು ಕೆಳಗಿನ ನೀಲಿ ಕಲ್ಲು ಬಂದಾಗ ವಜ್ರ ಮುಗಿಯಿತೆಂದು ಭಾವಿಸಿ ಎಷ್ಟೋ ಜನ ತಮ್ಮ ಪಾಲನ್ನು ಅಗ್ಗಕ್ಕೆ ಮಾರಿದರು. ನೀಲಿ ಕಲ್ಲೇ ವಜ್ರದ ನಿಜವಾದ ಮನೆ. ಭೂಮಿಯ ಬಹಳ ಆಳದಿಂದ ಕೊಳವೆಯಂತೆ ಸಿಡಿದು ಬಂದ ಆ ಶಿಲೆಗೆ ಈ ಊರಿನ ಹೆಸರಿನಿಂದಲೇ ಕಿಂಬರ್ಲೈಟ್ ಎಂಬ ಹೆಸರು ಬಂದಿತು. ಬಳ್ಳಾರಿಯಾಚೆ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ, ಮಳೆ ಬಿದ್ದ ಮರುದಿನ ಜನ ಹೊಲಗಳಲ್ಲಿ ಬಾಗಿ ವಜ್ರ ಹುಡುಕುವ ಊರಿನಲ್ಲಿ, ನೆಲದಡಿ ಇರುವುದೂ ಇದೇ ಜಾತಿಯ ಕಲ್ಲು.

ಗಟ್ಟಿ ನೀಲಿ ಕಲ್ಲನ್ನು ಒಡೆದರೆ ವಜ್ರವೂ ಒಡೆದೀತು. ಹಾಗಾಗಿ ಅದನ್ನು ಊರ ಹೊರಗಿನ ವಿಶಾಲ ಬಯಲುಗಳಲ್ಲಿ ಹರವಿ, ನೀರು ಚಿಮುಕಿಸಿ, ಕುಂಟೆ ಎಳೆದು, ತಿಂಗಳುಗಟ್ಟಲೆ ಬಿಸಿಲಿಗೆ ಬಿಡುತ್ತಿದ್ದರು. ಕಲ್ಲು ತಾನೇ ಸಡಿಲವಾಗಿ ಪುಡಿಯಾಗುತ್ತಿತ್ತು. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದವರಿಗೆ, ಮಾಲನ್ನು ಬಯಲಿನಲ್ಲಿ ಹರವಿ ಬಿಸಿಲಿನ ಕೈಗೆ ಕೆಲಸ ಒಪ್ಪಿಸಿ ಕಾಯುವ ಈ ಕ್ರಮ ಹೊಸದೆನಿಸದು. ವ್ಯತ್ಯಾಸವೆಂದರೆ ಆಗರಕ್ಕೆ ಮುಳ್ಳುತಂತಿಯ ಬೇಲಿ, ಕಾವಲು ಗೋಪುರ ಬೇಕಾಗುವುದಿಲ್ಲ. ಪುಡಿಯನ್ನು ತೊಳೆದ ಮೇಲೆ ವಜ್ರವನ್ನು ಬೇರ್ಪಡಿಸಲು 1890ರ ದಶಕದಲ್ಲಿ ಕಂಪನಿಯ ನೌಕರನೊಬ್ಬ ಕಂಡುಹಿಡಿದ ಉಪಾಯ ನನಗೆ ಇಡೀ ವಸ್ತುಸಂಗ್ರಹಾಲಯದಲ್ಲಿ ಅತ್ಯಂತ ಹಿಡಿಸಿದ ಸಂಗತಿ. ಓರೆಯಾದ ಮೇಜಿಗೆ ಗ್ರೀಸ್ ಬಳಿದು ಅದರ ಮೇಲೆ ನೀರಿನೊಂದಿಗೆ ಕಲ್ಲಿನ ಚೂರುಗಳನ್ನು ಹರಿಬಿಟ್ಟರೆ, ಒದ್ದೆಯಾದ ಕಲ್ಲುಗಳೆಲ್ಲ ಜಾರಿ ಹೋಗುತ್ತವೆ. ನೀರು ಅಂಟದ ಗುಣವುಳ್ಳ ವಜ್ರ ಮಾತ್ರ ಗ್ರೀಸಿಗೆ ಕಚ್ಚಿಕೊಂಡು ನಿಲ್ಲುತ್ತದೆ.

ಮನುಷ್ಯರು ಕೈಯಿಂದ ತೋಡಿದ ಅತ್ಯಂತ ದೊಡ್ಡ ಹೊಂಡ ಇದೇ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಪಕ್ಕದ ಪ್ರಾಂತದ ಯಾಗರ್ಸ್‌ಫಾಂಟೇನ್ ಎಂಬ ಇನ್ನೊಂದು ವಜ್ರದ ಊರಿನವರು ಆ ಪಟ್ಟ ತಮ್ಮದೆಂದು ವಾದಿಸುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಆ ಊರಿನ ಗಣಿತ್ಯಾಜ್ಯದ ಒಡ್ಡು ಒಡೆದು ಕೆಸರು ಮನೆಗಳ ಮೇಲೆ ಹರಿಯಿತು. ದಾಖಲೆಗಾಗಿ ಪೈಪೋಟಿ ಮಾಡುವ ಊರುಗಳು ಆ ಸಂಗತಿಯನ್ನು ಫಲಕಗಳಲ್ಲಿ ಬರೆಯುವುದಿಲ್ಲ.

ಟಿಕೆಟ್ಟಿನೊಂದಿಗೆ ಒಂದು ಚಲನಚಿತ್ರ ತೋರಿಸಿ, ಕೃತಕವಾಗಿ ಕಟ್ಟಿದ ಸುರಂಗದೊಳಗೆ ನಡೆಸಿ ಸಿಡಿಮದ್ದಿನ ಸದ್ದು ಕೇಳಿಸುತ್ತಾರೆ. ಹೊರಗೆ ಹಳೆಯ ಕಾಲದ ಅಂಗಡಿ, ಚರ್ಚು, ಮದ್ಯದಂಗಡಿಗಳ ಬೀದಿಯನ್ನು ಹಾಗೆಯೇ ಉಳಿಸಿದ್ದಾರೆ. ಅಚ್ಚುಕಟ್ಟಾಗಿ ನಡೆಸುತ್ತಿರುವ ಜಾಗ, ದೂರುವಂಥದೇನಿಲ್ಲ. ಆದರೂ ಪ್ರವಾಸಿಗರ ಬಾಯಲ್ಲಿ ಮರುಕಳಿಸುವುದು ಹೊಂಡದ ಅಳತೆಗಳೇ. ಕಿಂಬರ್ಲಿಯಲ್ಲಿ ನೋಡಬೇಕಾದ ವಸ್ತು ಹೊಂಡಕ್ಕಿಂತ ಹೆಚ್ಚಾಗಿ ಕಂಪೌಂಡು, ಅಂದರೆ ಕಾರ್ಮಿಕರನ್ನು ಕೂಡಿಹಾಕುತ್ತಿದ್ದ ವಠಾರ, ಎಂಬುದು ನನ್ನ ಅಭಿಪ್ರಾಯ. ಅದು ಕಣ್ಣಿಗೆ ಕಾಣುವಂತೆ ಉಳಿದಿಲ್ಲವಾದ್ದರಿಂದ ಓದಿಕೊಂಡೇ ಹೋಗಬೇಕು.

1870ರ ದಶಕದಲ್ಲಿ ಪೇಡಿ, ಸೋತೊ, ತ್ಸೋಂಗಾ ಜನ ನೂರಾರು ಮೈಲಿ ನಡೆದು ಇಲ್ಲಿಗೆ ಬರುತ್ತಿದ್ದರು. ಕೆಲವು ತಿಂಗಳು ದುಡಿದು, ಬಂದೂಕನ್ನೋ ಮದುವೆಗೆ ಬೇಕಾದ ದನಗಳ ಹಣವನ್ನೋ ಗಳಿಸಿ ಮರಳುತ್ತಿದ್ದರು. ಆರಂಭದಲ್ಲಿ ಕರಿಯರ ಕೈಯಲ್ಲಿಯೂ ಕೆಲವು ಅಗೆತದ ತುಂಡುಗಳಿದ್ದವು. ಬಿಳಿಯ ಅಗೆತಗಾರರ ಗಲಾಟೆಯ ನಂತರ 1872ರಲ್ಲಿ ಬಂದ ಆಜ್ಞೆಯಂತೆ ಕೂಲಿಯಾಳುಗಳು ನೋಂದಣಿ ಚೀಟಿಯನ್ನು ಇಟ್ಟುಕೊಂಡೇ ತಿರುಗಬೇಕಾಯಿತು, ವಾರಂಟ್ ಇಲ್ಲದೆ ಅವರನ್ನು ತಡಕುವ ಅಧಿಕಾರ ಹುಟ್ಟಿತು. 1882ರ ವಜ್ರ ವ್ಯಾಪಾರ ಕಾಯ್ದೆಯ ಪ್ರಕಾರ, ಯಾರ ಬಳಿಯಾದರೂ ಕಚ್ಚಾ ವಜ್ರ ಸಿಕ್ಕರೆ ಅದು ತನ್ನದೆಂದು ಸಾಬೀತು ಮಾಡುವ ಹೊಣೆ ಆರೋಪಿಯದೇ. 1885ರಿಂದ ಕಂಪನಿಗಳು ಕರಿಯ ಕಾರ್ಮಿಕರನ್ನು ಒಪ್ಪಂದದ ಅವಧಿ ಮುಗಿಯುವತನಕ ಹೊರಗೇ ಬಿಡದ ಮುಚ್ಚಿದ ವಠಾರಗಳಲ್ಲಿ ಇಡತೊಡಗಿದವು. ಸುತ್ತ ಎತ್ತರದ ತಗಡಿನ ಗೋಡೆ. ವಜ್ರವನ್ನು ಹೊರಗೆ ಎಸೆಯದಂತೆ ಮೇಲೆಯೂ ತಂತಿಯ ಬಲೆ. ಊಟದ ಸಾಮಾನನ್ನು ಒಳಗಿನ ಕಂಪನಿಯ ಅಂಗಡಿಯಲ್ಲಿಯೇ ಕೊಳ್ಳಬೇಕು. ಅವಧಿ ಮುಗಿದವರನ್ನು ಹೊರಡುವ ಮೊದಲು ಕೆಲವು ದಿನ ಬೇರೆ ಕೋಣೆಯಲ್ಲಿ ಬೆತ್ತಲೆಯಾಗಿ ಕೂಡಿಹಾಕಿ, ಕೈಗೆ ಬೆರಳಿಲ್ಲದ ಚರ್ಮದ ಚೀಲ ಕಟ್ಟಿ, ಭೇದಿಮದ್ದು ಕೊಟ್ಟು, ನುಂಗಿದ ವಜ್ರ ಹೊರಬರುವವರೆಗೂ ಕಾಯುತ್ತಿದ್ದರು. ತಡಕುವ ನಿಯಮವನ್ನು ಬಿಳಿಯ ಕಾರ್ಮಿಕರಿಗೂ ವಿಧಿಸಲು ಹೋದಾಗ 1884ರಲ್ಲಿ ಅವರು ಮುಷ್ಕರ ಹೂಡಿದರು, ಗುಂಡು ಹಾರಿ ಕೆಲವರು ಸತ್ತರು. ಆಮೇಲೆ ಅವರ ಬಟ್ಟೆ ಕಳಚಿಸುವುದು ನಿಂತಿತು. ಕರಿಯರ ಪಾಲಿಗೆ ಅದು ಮುಂದುವರಿಯಿತು. ಚರ್ಮದ ಬಣ್ಣದ ಮೇಲೆ ಕಾರ್ಮಿಕರನ್ನು ಎರಡಾಗಿ ಸೀಳುವ, ಚೀಟಿ ತೋರಿಸದೆ ನಡೆಯಲಾಗದಂತೆ ಮಾಡುವ ಕ್ರಮಗಳು ಮುಂದೆ ಇಡೀ ದೇಶಕ್ಕೆ ಹಬ್ಬಿದವು. ಅವು ರಾಜಧಾನಿ ಪ್ರಿಟೋರಿಯಾದ ಕಚೇರಿಗಳಲ್ಲಿ ರೂಪುಗೊಳ್ಳುವ ಎಷ್ಟೋ ಮೊದಲು ಈ ಹೊಂಡದ ಅಂಚಿನಲ್ಲಿ, ಜೇಬಿನಲ್ಲಿ ಹಿಡಿಸುವ ಮಾಲನ್ನು ಕಾಯುವ ನೆಪದಲ್ಲಿ ಪಳಗಿದ್ದವು.

ಇದನ್ನು ಓದುವಾಗ ನಮ್ಮ ಕೋಲಾರವನ್ನು ಬದಿಗಿಡಲಾಗುವುದಿಲ್ಲ. ಅಲ್ಲಿಯೂ ಮಾಲು ಜೇಬಿನಲ್ಲಿ ಹಿಡಿಸುವ ಚಿನ್ನವೇ. ಅಲ್ಲಿಯೂ ಕಾವಲು, ಅಲ್ಲಿಯೂ ಹುಡುಕಾಟ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳುವ ಕ್ರಮದ ವಿರುದ್ಧ ಅಲ್ಲಿನ ಗಣಿಗಳಲ್ಲಿ ದೊಡ್ಡ ಮುಷ್ಕರವೇ ನಡೆದಿತ್ತು. ಎರಡೂ ಊರುಗಳಿಗೆ ವಿದ್ಯುತ್ತು ಬೇಗ ಬಂದದ್ದೂ ಒಂದೇ ಕಾರಣಕ್ಕೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಮುಟ್ಟಿದ್ದು ಕೋಲಾರದ ಗಣಿಗಳನ್ನು, ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಕಿಂಬರ್ಲಿಯಾದರೋ 1882ರಲ್ಲಿಯೇ ಬೀದಿಗೆ ವಿದ್ಯುದ್ದೀಪ ಹಾಕಿಸಿ, ದಕ್ಷಿಣ ಗೋಲಾರ್ಧದಲ್ಲಿ ತಾನೇ ಮೊದಲೆಂದು ಹೇಳಿಕೊಳ್ಳುತ್ತದೆ.

ದೊಡ್ಡವರ ಕಥೆ ಅಲ್ಲಿ ಬೇಕಾದಷ್ಟು ಸಿಗುವುದರಿಂದ ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಸೆಸಿಲ್ ರೋಡ್ಸ್ ಸಣ್ಣ ಪಾಲುಗಳನ್ನು ಕೊಳ್ಳುತ್ತ ಕೊಳ್ಳುತ್ತ 1888ರಲ್ಲಿ ಡಿ ಬಿಯರ್ಸ್ ಕಂಪನಿಯನ್ನು ಕಟ್ಟಿ, ಮರುವರ್ಷ ಪ್ರತಿಸ್ಪರ್ಧಿ ಕಂಪನಿಯ ಆಸ್ತಿಯನ್ನು 53,38,650 ಪೌಂಡಿನ ಒಂದೇ ಚೆಕ್ಕಿನಿಂದ ಕೊಂಡ. ಅದೇ 1888ರ ಜುಲೈಯಲ್ಲಿ ಡಿ ಬಿಯರ್ಸ್ ಗಣಿಯೊಳಗೆ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದಲ್ಲಿ 1899ರ ಅಕ್ಟೋಬರಿನಿಂದ 1900ರ ಫೆಬ್ರವರಿವರೆಗೆ ಊರಿಗೆ ಮುತ್ತಿಗೆ ಬಿದ್ದಾಗ, ಫಿರಂಗಿ ಗುಂಡುಗಳಿಂದ ಕಾಪಾಡಲು ಹೆಂಗಸರು ಮಕ್ಕಳನ್ನು ಗಣಿಯೊಳಕ್ಕೆ ಇಳಿಸಿದ್ದರು.

ಡಗನ್-ಕ್ರೋನಿನ್ ಗ್ಯಾಲರಿಯಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. ಆಲ್ಫ್ರೆಡ್ ಡಗನ್-ಕ್ರೋನಿನ್ ಐರ್ಲೆಂಡಿನಿಂದ ಬಂದು ಡಿ ಬಿಯರ್ಸ್ ಕಂಪೌಂಡಿನಲ್ಲಿ ಕಾವಲಿನ ಕೆಲಸಕ್ಕೆ ಸೇರಿದವನು. 1904ರಲ್ಲಿ ಒಂದು ಕ್ಯಾಮೆರಾ ಕೊಂಡು, ತಾನು ಕಾಯುತ್ತಿದ್ದ ಕಾರ್ಮಿಕರ ಫೋಟೋ ತೆಗೆಯತೊಡಗಿ, ಆಮೇಲೆ ಅವರ ಹಳ್ಳಿಗಳವರೆಗೂ ಹುಡುಕಿಕೊಂಡು ಹೋಗಿ ಸಾವಿರಾರು ಚಿತ್ರಗಳನ್ನು ತೆಗೆದ. ಚಿತ್ರಗಳು ಸುಂದರವಾಗಿವೆ, ಬೆಳಕಿನ ಹದ, ನಿಂತ ಭಂಗಿ, ಮಣಿಸರಗಳ ವಿವರ ಎಲ್ಲದರಲ್ಲಿಯೂ ಶ್ರದ್ಧೆ ಕಾಣುತ್ತದೆ. ಆದರೆ ಅವನ್ನು ಜೋಡಿಸಿದ್ದು ಬುಡಕಟ್ಟುಗಳ ಲೆಕ್ಕದಲ್ಲಿ. ಗಣಿಯಲ್ಲಿ ಬೂಟು ಕೋಟು ತೊಟ್ಟು ಯಂತ್ರ ನಡೆಸುತ್ತಿದ್ದ ಮನುಷ್ಯ ಆ ಚಿತ್ರಗಳಲ್ಲಿ ಅಪರೂಪ, ಚರ್ಮ ಹೊದ್ದು ಬೆಟ್ಟದ ಮುಂದೆ ನಿಂತವನೇ ಹೆಚ್ಚು. ನಮ್ಮ ಹಾಲಕ್ಕಿ ಹೆಂಗಸರನ್ನು ಮಣಿಸರಗಳೊಂದಿಗೆ ನಿಲ್ಲಿಸಿ ಫೋಟೋ ತೆಗೆದು ಕ್ಯಾಲೆಂಡರಿಗೆ ಹಾಕುವವರು, ಅವರು ಬೆಳೆದ ತರಕಾರಿಯನ್ನು ಅಂಕೋಲೆಯ ಸಂತೆಯಲ್ಲಿ ಚೌಕಾಸಿ ಮಾಡಿ ಮಾರುವುದನ್ನು ಬಿಟ್ಟುಬಿಡುವ ಕ್ರಮವೂ ಇದೇ.

ಕಂಪೌಂಡಿನ ಇನ್ನೊಂದು ಬದಿಯನ್ನು ಬರೆದವನು ಸಾಲ್ ಪ್ಲಾಟ್ಜೆ. 1894ರಲ್ಲಿ ಕಿಂಬರ್ಲಿಯ ಅಂಚೆ ಕಚೇರಿಗೆ ಕೆಲಸಕ್ಕೆ ಬಂದ ಈತ ಹಲವು ಭಾಷೆಗಳನ್ನು ಬಲ್ಲವನಾಗಿ, ಪತ್ರಿಕೆಗಳನ್ನು ನಡೆಸಿ, 1912ರಲ್ಲಿ ಸ್ಥಾಪನೆಯಾದ, ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆದ ಸಂಘಟನೆಯ ಮೊದಲ ಪ್ರಧಾನ ಕಾರ್ಯದರ್ಶಿಯಾದ. ದೇಶದ ಬಹುಪಾಲು ಕಡೆ ಕರಿಯರು ಭೂಮಿ ಕೊಳ್ಳದಂತೆ ಮಾಡಿದ 1913ರ ಕಾಯ್ದೆಯ ವಿರುದ್ಧ ಪುಸ್ತಕ ಬರೆದ. ಶೇಕ್ಸ್‌ಪಿಯರನ ನಾಟಕಗಳನ್ನು ಸೆಟ್ಸ್ವಾನ ಭಾಷೆಗೆ ತಂದ. ಏಂಜೆಲ್ ಸ್ಟ್ರೀಟಿನಲ್ಲಿ ಅವನ ಮನೆಯಿದೆ, ಊರಿನ ವಿಶ್ವವಿದ್ಯಾಲಯಕ್ಕೂ ನಗರಸಭೆಗೂ ಈಗ ಅವನದೇ ಹೆಸರು. ಅವನಿದ್ದ ಕಾಲದಲ್ಲಿ ಊರ ನಡುವೆಯೇ ಇದ್ದ ಮಲಯ್ ಕ್ಯಾಂಪ್ ಎಂಬ ಕೇರಿಯಲ್ಲಿ ಭಾರತೀಯ ಅಂಗಡಿಕಾರರೂ ಇದ್ದರು. 1912ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಗಾಂಧೀಜಿಯೊಂದಿಗೆ ಕೇಪ್‌ಟೌನಿನಿಂದ ಜೊಹಾನ್ಸ್‌ಬರ್ಗಿಗೆ ಹೋಗುವಾಗ ಈ ಊರಿನಲ್ಲಿ ಇಳಿದಿದ್ದರು. ಆ ಕೇರಿಯನ್ನು 20ನೆಯ ಶತಮಾನದ ಮಧ್ಯದಲ್ಲಿ ಕೆಡವಿ ಹಾಕಿದರು. ಕರಿಯರ ವಸತಿಯಾದ ಗಲೆಶೆವೆಯಲ್ಲಿ, ರಾಬೆನ್ ದ್ವೀಪದ ಸೆರೆಯಿಂದ ಬಿಟ್ಟ ಮೇಲೆ 1969ರಿಂದ ವರ್ಣಭೇದದ ವಿರುದ್ಧ ಹೋರಾಡಿದ ನಾಯಕ ರಾಬರ್ಟ್ ಸೊಬುಕ್ವೆಯನ್ನು ಗಡಿಪಾರು ಮಾಡಿ ಇಟ್ಟಿದ್ದರು. 1978ರಲ್ಲಿ ಸಾಯುವತನಕ ಅವನು ಅಲ್ಲಿ ವಕೀಲಿ ಮಾಡಿಕೊಂಡಿದ್ದ. ಹೊಂಡ ನೋಡಲು ಬಂದ ಬಸ್ಸುಗಳಲ್ಲಿ ಗಲೆಶೆವೆಯ ಕಡೆಗೆ ತಿರುಗುವವು ಕಡಿಮೆ. ಅಲ್ಲಿಯೇ ಒಂದು ಸಣ್ಣ ಹೋಟೆಲಿನಲ್ಲಿ ಮೆಕ್ಕೆಜೋಳದ ಹಿಟ್ಟಿನ ಪ್ಯಾಪ್ ಮತ್ತು ಬೀನ್ಸ್, ಟೊಮೆಟೊ ಹಾಕಿದ ಖಾರದ ಚಕಲಾಕಾ ತಿಂದೆವು. ಮಾಂಸ ತಿನ್ನದವರಿಗೆ ಆ ದೇಶದಲ್ಲಿ ಇದಕ್ಕಿಂತ ನೆಚ್ಚಿನ ಊಟವಿಲ್ಲ.

ಈಗಿನ ಕಿಂಬರ್ಲಿ ಉತ್ತರ ಕೇಪ್ ಪ್ರಾಂತದ ರಾಜಧಾನಿ. ಸರ್ಕಾರಿ ಕಚೇರಿಗಳೂ ಆಸ್ಪತ್ರೆಗಳೂ ಊರನ್ನು ನಡೆಸುತ್ತಿವೆ. ಡಿ ಬಿಯರ್ಸ್ ಇಲ್ಲಿನ ತನ್ನ ಗಣಿಗಳನ್ನು ಬೇರೆಯವರಿಗೆ ಮಾರಿಯಾಯಿತು. ಉಳಿದಿರುವುದು ಮಣ್ಣಿನ ದಿಬ್ಬಗಳು. ನೂರು ವರ್ಷದ ಹಿಂದಿನ ಜರಡಿಗಳಿಂದ ತಪ್ಪಿಸಿಕೊಂಡ ಚಿಕ್ಕ ವಜ್ರಗಳು ಅವುಗಳಲ್ಲಿ ಇನ್ನೂ ಸಿಗುವುದರಿಂದ ಜನ ಕದ್ದು ಅಗೆಯುತ್ತಿದ್ದರು. 2018ರಲ್ಲಿ ಅಂಥ ಸುಮಾರು 800 ಮಂದಿಗೆ ಪರವಾನಗಿ ಕೊಟ್ಟು, ಒಂದಿಷ್ಟು ಜಾಗವನ್ನು ಬಿಟ್ಟುಕೊಟ್ಟರು. ಸ್ಟಿಲ್‌ಫಾಂಟೇನಿನಲ್ಲಿ ಅನ್ನ ನೀರು ತಡೆದ ದೇಶವೇ ಇಲ್ಲಿ ಹೀಗೂ ಮಾಡಿ ನೋಡಿದೆ ಎಂಬುದನ್ನು ಹೇಳಲೇಬೇಕು.

ಊರ ಹೊರಗಿನ ಒಂದು ದಿಬ್ಬದ ಬಳಿ ಅಳಿಯನ ಪರಿಚಯದವರೊಬ್ಬರ ಮೂಲಕ ನಾವು ಹೋದಾಗ, ಕೆಲವರು ಕೈಜರಡಿ ಹಿಡಿದು ಕೆಲಸ ಮಾಡುತ್ತಿದ್ದರು. ಏನನ್ನೂ ಮುಟ್ಟಬೇಡಿ, ಯಾರೇನು ಕೊಟ್ಟರೂ ಕೈಗೆ ತೆಗೆದುಕೊಳ್ಳಬೇಡಿ ಎಂದು ಅಳಿಯ ಮೊದಲೇ ಎಚ್ಚರಿಸಿದ್ದ. ಪರವಾನಗಿಯಿಲ್ಲದೆ ಕಚ್ಚಾ ವಜ್ರ ಇಟ್ಟುಕೊಳ್ಳುವುದು ಅಲ್ಲಿ ಇಂದಿಗೂ ಅಪರಾಧ. ಜರಡಿ ಬಿಟ್ಟು ಮಾತಿಗೆ ಬಂದ ಹಿರಿಯನೊಬ್ಬ, ಪರವಾನಗಿ ಬಂದ ಮೇಲೆ ಪೊಲೀಸರ ಹೆದರಿಕೆ ತಗ್ಗಿದೆ, ಬೆಲೆ ಮಾತ್ರ ಕೊಳ್ಳುವವನ ಬಾಯಲ್ಲಿಯೇ ಇದೆ ಎಂದ. ನಾನು ಭಾರತದವನೆಂದು ತಿಳಿದಾಗ ಅವನ ಮಾತು ಬಿರುಸಾಯಿತು. ಕಲ್ಲು ತೋರಿಸಿದಾಗಲೆಲ್ಲ ಕೊಳ್ಳುವವನು ಸೂರತ್ತಿನಲ್ಲಿ ಬೆಲೆ ಬಿದ್ದಿದೆ, ಸೂರತ್ತಿನಲ್ಲಿ ಯಂತ್ರದೊಳಗೆ ವಜ್ರ ಬೆಳೆಯುತ್ತಾರೆ ಎನ್ನುತ್ತಾನಂತೆ. ಅದು ಸುಳ್ಳಲ್ಲ: ಜಗತ್ತಿನ ಕಚ್ಚಾ ವಜ್ರಗಳಲ್ಲಿ ಬಹುಪಾಲು ಕತ್ತರಿಸಿ ಹೊಳಪು ಪಡೆಯುವುದು ಸೂರತ್ತಿನಲ್ಲಿಯೇ, ಪ್ರಯೋಗಾಲಯದ ವಜ್ರಗಳು ಬಂದ ಮೇಲೆ ಗಣಿಯ ವಜ್ರದ ಬೆಲೆ ಕುಸಿದಿರುವುದೂ ನಿಜ. ನಿನ್ನ ಊರಿನಿಂದ ಆ ಊರು ಎಷ್ಟು ದೂರ ಎಂದು ಅವನು ಕೇಳಿದ. ಕೊಂಕಣ ರೈಲು ಹತ್ತಿದರೆ ಮರುದಿನ ಮುಟ್ಟಬಹುದು, ಆದರೆ ನಾನು ಅಲ್ಲಿ ಇಳಿದವನಲ್ಲ, ನಮ್ಮ ಊರಿನಲ್ಲಿ ವಜ್ರದ ಕೆಲಸವೂ ಇಲ್ಲ, ಬೇರೆಯವರ ಅದಿರು ಹಡಗಿಗೆ ಹೋಗುವ ಬಂದರು ಇತ್ತು ಎಂದು ಹೇಳಿದ್ದನ್ನು ಅಳಿಯ ಇಂಗ್ಲಿಷಿನಲ್ಲಿ ತಿಳಿಸಿದ. ಹಾಗಾದರೆ ಮಾಲು ಹೋಗುವ ಬೆಲೆ ನಿಮಗೂ ತಿಳಿಯುತ್ತಿರಲಿಲ್ಲ ಎನ್ನು ಎಂದು ನಕ್ಕವನು, ಸೂರತ್ತಿನಲ್ಲಿ ಇಳಿದರೆ ಅಲ್ಲಿ ಬೆಲೆ ಹೇಳುವವರು ಒಮ್ಮೆ ಇಲ್ಲಿಗೆ ಬಂದು ಒಂದು ದಿನ ಜರಡಿ ಹಿಡಿಯಲಿ, ಹಾಗೆಂದು ನಾನೇ ಹೇಳಿದ್ದೇನೆಂದು ತಿಳಿಸು ಎಂದ.